ಪಾರತ್ತಿಯ ಎಡೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಮೊದಲು ಬಡಿಸುತ್ತಿದ್ದದ್ದು ಸತ್ತವಳಿಗೆ. ಅಜ್ಜಿ ಅಡುಗೆಮನೆಯ ಹಿಂಬಾಗಿಲ ಪಕ್ಕ ಹಿತ್ತಾಳೆ ತಟ್ಟೆ ಇಟ್ಟು, ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಒಂದು ಹಿಡಿ ಅನ್ನ ಹಾಕಿ, ಮೇಲೆ ಇನ್ನೊಂದು ತಟ್ಟೆ ಬೋರಲು ಮುಚ್ಚುತ್ತಿದ್ದಳು. ಆಮೇಲೆ ಅಪ್ಪನಿಗೆ, ನನಗೆ, ಕೊನೆಗೆ ಅವ್ವನಿಗೆ ಮತ್ತು ತನಗೆ. ಬೇರೆಯವರ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವುದು ವರ್ಷಕ್ಕೊಮ್ಮೆ, ಅಮಾವಾಸ್ಯೆಯ ದಿನ. ನಮ್ಮಲ್ಲಿ ದಿನಾಲೂ. ಅದರಲ್ಲಿ ನನಗೆ ವಿಚಿತ್ರವೇನೂ ಕಂಡಿರಲಿಲ್ಲ. ಪಾರತ್ತಿಗೆ ದಿನಾ ಹಸಿವಾಗುತ್ತದೆ, ಇಡುತ್ತಾರೆ, ಅಷ್ಟೇ. ಬಹಳ ದಿನ ಆ ತಟ್ಟೆಯ ಊಟ ಇಟ್ಟ ಹಾಗೇ ಇರುತ್ತಿತ್ತು, ಮರುದಿನ ಎಮ್ಮೆಯ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು. ಆದರೆ ಒಮ್ಮೊಮ್ಮೆ, ಮನೆಯಲ್ಲಿ ನಾವಲ್ಲದೆ ಬೇರೆ ಯಾರೂ ಕಾಣದಿದ್ದರೂ, ಮುಚ್ಚಿದ ತಟ್ಟೆ ತೆಗೆದರೆ ಒಳಗೆ ಒಂದು ಅಗುಳೂ ಇರುತ್ತಿರಲಿಲ್ಲ. ಅಂಥ ದಿನ ಅಜ್ಜಿಯ ಮುಖ ಅರಳುತ್ತಿತ್ತು, ಅವ್ವನ ಮುಖ ಗಂಟಾಗುತ್ತಿತ್ತು.

ಪಾರತ್ತಿ ಎಂದರೆ ಅಪ್ಪನ ತಂಗಿ ಪಾರ್ವತಿ. ನಾನು ಹುಟ್ಟುವ ಮೊದಲೇ ತೀರಿಹೋದವಳು. ಹೊಸಪೇಟೆ ಕಡೆ ಕೊಟ್ಟಿದ್ದರಂತೆ. ಒಂದು ಸಲ ಮೈತುಂಬ ಬಾಸುಂಡೆ ಎದ್ದು ತವರಿಗೆ ಬಂದಳಂತೆ. ಊರಿನವರೆಲ್ಲ ಕಟ್ಟೆಗೆ ಬಂದು ಕೂತು, ಹೊಂದಿಕೊಂಡು ಹೋಗಬೇಕವ್ವ ಎಂದು ಬುದ್ಧಿ ಹೇಳಿದರಂತೆ. ಅಜ್ಜಿಯೂ ಅವರ ಮಾತು ಕೇಳಿ, ಉಡಿ ತುಂಬಿ ವಾಪಸ್ಸು ಕಳಿಸಿದಳಂತೆ. ಎರಡನೇ ಸಲ ಬಂದದ್ದು ಸುದ್ದಿ. ಬಾವಿಗೆ ಬಿದ್ದಳು ಎಂದು ಅವರು, ಕೆಡವಿದರು ಎಂದು ಇವರು. ಕೊಟ್ಟ ಹೆಣ್ಣಿನ ಹೆಣಕ್ಕೆ ಗಂಡನ ಮನೆಯವರೇ ಮಣ್ಣು ಕೊಡಬೇಕು, ಅದು ಪದ್ಧತಿ. ಅಜ್ಜಿ ಪದ್ಧತಿಯನ್ನು ಅಲ್ಲೇ ಬಿಟ್ಟು, ಮಗಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಬಂದು ನಮ್ಮ ಹೊಲದಲ್ಲೇ ಮಣ್ಣು ಮಾಡಿಸಿದಳು. ಪದ್ಧತಿ ಮುರಿದದ್ದಕ್ಕೋ, ಪೊಲೀಸರ ಹೆದರಿಕೆಗೋ, ಊರಿನಿಂದ ಒಬ್ಬರೂ ಬರಲಿಲ್ಲ. ಅಳಲು ಹೆಂಗಸರಲ್ಲಿ ಅಜ್ಜಿ ಒಬ್ಬಳೇ ಇದ್ದಳು, ಅವಳು ಅಳಲಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಹಣೆಗೆ ವಿಭೂತಿ ಬಳಿದು, ಕಾಲು ಮಡಿಸಿ, ಕೂರಿಸಿ ಹೂಳುತ್ತೇವೆ. ದೊಡ್ಡವರಿಗೆ ಇದು ಧರ್ಮದ ಮಾತು. ಚಿಕ್ಕವಳಾದ ನನಗೆ ಬೇರೆಯೇ ಅರ್ಥವಾಗಿತ್ತು. ಪಾರತ್ತಿ ಎಲ್ಲಿ ಎಂದು ಕೇಳಿದರೆ ಅಪ್ಪ ಕಬ್ಬಿನ ಆಚೆಯ ಬದುವಿನ ಕಡೆ ಕೈ ಮಾಡಿ, ಅಲ್ಲಿ ಕುಂತಾಳ ಎನ್ನುತ್ತಿದ್ದ. ಮಲಗಿದವರು ನಿದ್ದೆ ಮಾಡುತ್ತಾರೆ. ಕೂತವರು ಎದ್ದು ಬರಬಹುದಲ್ಲ. ಮನೆಗೆ ಯಾರಾದರೂ ಬಂದರೆ, ಅವರು ಬರುತ್ತಿದ್ದದ್ದೂ ಅದೇ ಕಬ್ಬಿನ ಸಾಲಿನೊಳಗಿಂದ.

ಮನೆ ಇದ್ದದ್ದು ಕಂಪ್ಲಿಯಿಂದ ಎಮ್ಮಿಗನೂರಿನ ಕಡೆ ಹೋಗುವಾಗ, ಊರು ಮುಗಿದು ಗದ್ದೆ ಶುರುವಾಗುವಲ್ಲಿ. ಒಂದು ಮಗ್ಗುಲಿಗೆ ಕಾಲುವೆ, ಇನ್ನೊಂದು ಮಗ್ಗುಲಿಗೆ ಕಬ್ಬು. ಕಬ್ಬು ಆಳೆತ್ತರ ಬೆಳೆದ ಮೇಲೆ ಊರಿನಿಂದ ನಮ್ಮ ಮನೆ ಕಾಣುತ್ತಿರಲಿಲ್ಲ. ಗಾಳಿ ಇಲ್ಲದ ಮಧ್ಯಾಹ್ನ ಕಬ್ಬಿನ ಗರಿ ಒಂದೇ ಕಡೆ ಸರಸರ ಎಂದರೆ ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟು ಹಿಂಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಹೊರಗೆ ಬರುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರುತ್ತಿರಲಿಲ್ಲ, ಮುಖ ಬಾತಿರುತ್ತಿತ್ತು. ನಮ್ಮ ದಾರಿ ಅವರಿಗೆ ಹೇಳುತ್ತಿದ್ದದ್ದು ಬಳೆ ಮಾರುವ ಒಬ್ಬ ಹೆಂಗಸೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಬಳೆ ತೊಡಿಸುವವಳು ಕೈ ಹಿಡಿಯುತ್ತಾಳೆ, ಹಿಡಿದ ಕೈ ಏನೇನು ಕಂಡಿದೆ ಎಂಬುದು ಅವಳಿಗೆ ಗೊತ್ತಾಗುತ್ತದೆ.

ಬಂದವಳಿಗೆ ಅಜ್ಜಿ ಏನೂ ಕೇಳುತ್ತಿರಲಿಲ್ಲ. ಯಾವ ಊರು, ಯಾರ ಮನೆ, ಏನು ಹೆಸರು, ಒಂದೂ ಇಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ ಬಿಸಿನೀರು ಹಾಕಿ, ಟ್ರಂಕಿನಿಂದ ಪಾರತ್ತಿಯ ಸೀರೆ ತೆಗೆದು ಉಡಿಸುತ್ತಿದ್ದಳು. ಪ್ರತಿ ಅಮಾವಾಸ್ಯೆ ಹಬ್ಬಕ್ಕೆ ಸತ್ತ ಮಗಳ ಫೋಟೋದ ಮುಂದೆ ಇಟ್ಟು ಪೂಜೆ ಮಾಡಿದ ಸೀರೆಗಳು ಅವು, ಎಲ್ಲವೂ ಹಸಿರು. ಸೀರೆ ಉಟ್ಟವಳು ಬಚ್ಚಲ ಒಲೆಯ ಹೊಗೆಯ ನಡುವಿನಿಂದ ಹೊರಗೆ ಬಂದಾಗ ಅಜ್ಜಿ ಕರೆಯುತ್ತಿದ್ದಳು:

"ಪಾರವ್ವಾ, ಬಾ, ಉಣ್ಣು."

ಮುಚ್ಚಿಟ್ಟ ತಟ್ಟೆ ತೆಗೆದು ಮುಂದಿಡುತ್ತಿದ್ದಳು. ಬಂದವಳು ಒಮ್ಮೆ ಅಜ್ಜಿಯ ಮುಖ ನೋಡಿ, ಹೂಂ ಎಂದು ಕೂತು ಉಣ್ಣುತ್ತಿದ್ದಳು. ನಮ್ಮ ಮನೆಗೆ ಬಂದ ಎಲ್ಲರಿಗೂ ಒಂದೇ ಹೆಸರು, ಒಂದೇ ಬಣ್ಣದ ಸೀರೆ, ಒಂದೇ ತಟ್ಟೆ. ಹೆಸರು ಗೊತ್ತಿಲ್ಲದಿದ್ದರೆ ಬಾಯಿ ತಪ್ಪಿಯೂ ಹೊರಗೆ ಬೀಳುವುದಿಲ್ಲ ಎಂಬುದು ಅಜ್ಜಿಯ ಲೆಕ್ಕ. ಮಕ್ಕಳಿರುವ ಮನೆಯಲ್ಲಿ ಅದು ಒಳ್ಳೆಯ ಲೆಕ್ಕವೇ. ಆದರೆ ನಾನು ಮೊದಲ ಸಲ ಕೇಳಿದಾಗಲೇ ಅದು ಕೆಟ್ಟಿತ್ತು.

"ಅಜ್ಜಿ, ಇಕಿ ಯಾರು?"

"ಪಾರವ್ವ."

"ಪಾರತ್ತಿ ಸತ್ತಾಳಲ್ಲ?"

"ಬಂದಾಳ. ಸುಮ್ನ ಕುಂದ್ರು."

ನಾನು ನಂಬಿದೆ. ಪಾರತ್ತಿ ಹೊಲದಲ್ಲಿ ಕೂತಿರುತ್ತಾಳೆ, ಹಸಿವಾದಾಗ ಎದ್ದು ಬರುತ್ತಾಳೆ, ಪ್ರತಿ ಸಲವೂ ಬೇರೆ ಮುಖ ಹಾಕಿಕೊಂಡು ಬರುತ್ತಾಳೆ. ಒಮ್ಮೆ ಉದ್ದಕ್ಕಿದ್ದಳು, ಮುಂದಿನ ಸಲ ಗಿಡ್ಡಗಾಗಿದ್ದಳು. ಒಮ್ಮೆ ಕೈ ಮುರಿದಿತ್ತು, ಒಮ್ಮೆ ಹೊಟ್ಟೆಯಲ್ಲಿ ಕೂಸಿತ್ತು. ಕೆಲವು ದಿನ ಇದ್ದು ಅಪ್ಪನ ಜೊತೆ ಬಸ್ಸು ಹತ್ತಿ ಎಲ್ಲಿಗೋ ಹೋಗುತ್ತಿದ್ದಳು. ನಾನು ಅವಳನ್ನು ಮುಟ್ಟಿ ನೋಡುತ್ತಿದ್ದೆ, ಬೆಚ್ಚಗಿರುತ್ತಿದ್ದಳು. ಸತ್ತವರು ತಣ್ಣಗಿರುತ್ತಾರೆ ಎಂದು ಶಾಲೆಯಲ್ಲಿ ಗೆಳತಿ ಹೇಳಿದಾಗ, ನಿಮ್ಮ ಮನೆಯವರು ಇರಬಹುದು, ನಮ್ಮವರು ಬೆಚ್ಚಗಿರುತ್ತಾರೆ ಎಂದು ಜಗಳ ತೆಗೆದಿದ್ದೆ. ಸುದ್ದಿ ಹಬ್ಬಿತು. ಕಾಲುವೆಗೆ ನೀರು ಬಿಡಲು ಬಂದವರು ಕಬ್ಬಿನಂಚಿನಲ್ಲಿ ಹಸಿರು ಸೀರೆ ಕಂಡು ಸೈಕಲ್ಲು ಬಿಟ್ಟು ಓಡಿದರು. ಆ ಮೇಲೆ ನಮ್ಮ ಮನೆಯ ಕಡೆ ಊರಿನವರು ಹೊತ್ತು ಮುಳುಗಿದ ಮೇಲೆ ಹಾಯುವುದನ್ನೇ ಬಿಟ್ಟರು. ಅಜ್ಜಿಗೆ ಅದರಿಂದ ಅನುಕೂಲವೇ ಆಯಿತು. ಅವಳು ಆ ಮಾತನ್ನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಅವ್ವನಿಗೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಅತ್ತೆ ಸೊಸೆಗೆ ಜಗಳವಾದರೆ ಅದು ಯಾವಾಗಲೂ ಆ ಸೀರೆಗಳ ಮೇಲೆಯೇ.

"ಸತ್ತೋರ ಸೀರಿ ಬದುಕಿದ್ದೋರಿಗೆ ಉಡಸ್ತೀರಲ್ರೀ, ಛಲೋ ಏನು ಇದು?"

"ಇಬ್ಬರಿಗೂ ಒಂದ ಸೀರಿ ಸಾಕು ಬಿಡವ್ವ."

"ಯಾವನರ ಕುಡಗೋಲು ಹಿಡಕಂಡು ಬಂದ್ರ? ಮನ್ಯಾಗ ಹುಡುಗಿ ಐತಿ."

"ಹುಡುಗಿ ಐತಿ ಅಂತನ ಮಾಡಾಕ ಹತ್ತೀನಿ."

ಅವ್ವ ಕೊಡ ತೆಗೆದುಕೊಂಡು ಕಾಲುವೆಗೆ ಹೋಗಿಬಿಡುತ್ತಿದ್ದಳು. ಅವ್ವನ ಹೆದರಿಕೆ ಸುಳ್ಳಾಗಿರಲಿಲ್ಲ ಎಂದು ಈಗ ನನಗೆ ಗೊತ್ತು. ಅಜ್ಜಿಯ ಆ ಮನೆಯೇ ಈಗ ಹೆಣ್ಣುಮಕ್ಕಳ ಆಶ್ರಯಮನೆ. ವಕೀಲರು ಬರುತ್ತಾರೆ, ಪೊಲೀಸಿನವರು ಬರುತ್ತಾರೆ, ಬಾಗಿಲಿಗೆ ಕ್ಯಾಮೆರಾ ಇದೆ. ಹೊಸಪೇಟೆಯಲ್ಲಿರುವ ನಾನು ಅಕ್ಕಿ ಬೇಳೆಯಿಂದ ಹಿಡಿದು ಕೋರ್ಟಿಗೆ ಜೊತೆಗೆ ಹೋಗುವವರೆಗೆ ಕೈಲಾದದ್ದನ್ನು ಮಾಡುತ್ತೇನೆ. ಇಷ್ಟೆಲ್ಲ ಇದ್ದೂ, ಗೇಟಿನ ಹತ್ತಿರ ಅಪರಿಚಿತ ಬೈಕು ನಿಂತರೆ ಇವತ್ತಿಗೂ ನಾನು ಎದ್ದು ಬಾಗಿಲ ಚಿಲಕ ನೋಡಿ ಬರುತ್ತೇನೆ. ಅಜ್ಜಿಗೆ ಇದ್ದದ್ದು ಭತ್ತದ ಕೋಣೆ ಒಂದೇ.

ಆ ಕೋಣೆ ನಡುಮನೆಯ ಎಡಕ್ಕಿತ್ತು. ಭತ್ತದ ಚೀಲಗಳನ್ನು ಅಪ್ಪ ಜಂತಿಯವರೆಗೆ ಒಟ್ಟುತ್ತಿದ್ದ. ನೋಡಿದವರಿಗೆ ಕೋಣೆ ತುಂಬ ಚೀಲ. ಆದರೆ ಹಿಂದುಗಡೆ ಗೋಡೆಗೂ ಚೀಲಗಳಿಗೂ ನಡುವೆ ಒಬ್ಬರು ಕಾಲು ಮಡಿಸಿ ಕೂರುವಷ್ಟು ಜಾಗ ಬಿಟ್ಟಿರುತ್ತಿದ್ದ. ಹೊರಗೆ ಯಾರದಾದರೂ ಸದ್ದಾದರೆ ಬಂದವಳು ಅಲ್ಲಿಗೆ ಹೋಗಬೇಕು. ಭತ್ತದ ಧೂಳು ಗಂಟಲಿಗೆ ಸೇರಿದರೆ ಕೆಮ್ಮು ತಡೆಯುವುದು ಕಷ್ಟ. ಹಾಗಾಗಿ ನಮ್ಮ ಮನೆಯ ಚೀಲಗಳು ಕೆಮ್ಮುತ್ತಿದ್ದವು. ಒಮ್ಮೆ ನಾನು ಕೋಣೆಯ ಹೊಸ್ತಿಲಲ್ಲಿ ಕೂತು ಬಾಯಿಪಾಠ ಮಾಡುತ್ತ ಒಂದು ಸಾಲು ಮರೆತಾಗ, ಚೀಲಗಳ ಒಳಗಿನಿಂದ ಯಾರೋ ಮೆಲ್ಲಗೆ ಆ ಸಾಲನ್ನು ಹೇಳಿಕೊಟ್ಟರು. ನಾನು ಮುಂದುವರಿಸಿದೆ. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ, ಆಗ ಪಾರತ್ತಿಯೂ ಶಾಲೆ ಕಲಿತಿದ್ದಾಳೆ ಎಂದು ಖುಷಿಯಾಗಿತ್ತು.

ಆ ದನಿಯ ಪಾರತ್ತಿಯೇ ನನಗೆ ಎಲ್ಲರಿಗಿಂತ ಇಷ್ಟವಾದವಳು. ಅವಳ ಒಂದು ಕಿವಿ ಹರಿದಿತ್ತು. ಓಲೆ ಹಿಡಿದು ಎಳೆದಿದ್ದರಿಂದ ಹಾಲೆ ಎರಡು ಭಾಗವಾಗಿತ್ತು. ಅಜ್ಜಿ ಅರಿಶಿನ ಹಚ್ಚುತ್ತಿದ್ದಳು, ಅವಳು ಹಲ್ಲು ಕಚ್ಚಿಕೊಂಡು ನನ್ನ ಜಡೆ ಹೆಣೆಯುತ್ತಿದ್ದಳು. ಅವಳು ಹೆಣೆದ ಜಡೆ ಬಿಗಿಯಾಗಿರುತ್ತಿತ್ತು. ಉಳಿದವರ ಹಾಗೆ ಅವಳು ಬೇಗ ಹೋಗಲಿಲ್ಲ. ಹೋಗಲು ಅವಳಿಗೆ ತವರಿರಲಿಲ್ಲ. ಅಪ್ಪ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಅವಳಿಗೊಂದು ಕೆಲಸ ನೋಡುತ್ತಿದ್ದ.

ಅಪ್ಪ, ಅವ್ವ ಇಬ್ಬರೂ ಕಂಪ್ಲಿಗೆ ಹೋಗಿದ್ದ ಒಂದು ಬೆಳಿಗ್ಗೆ ಬೈಕಿನ ಸದ್ದಾಯಿತು. ಅಜ್ಜಿ ಹಿತ್ತಲಲ್ಲಿ ಎಮ್ಮೆ ತೊಳೆಯುತ್ತಿದ್ದಳು. ನಾನು ಕಟ್ಟೆಯ ಮೇಲೆ ಹಸಿ ಕಡಲೆಯ ಸುಲಗಾಯಿ ತಿನ್ನುತ್ತ ಕೂತಿದ್ದೆ. ಒಳಗೆ ಅವಳು ಕೋಣೆಗೆ ಓಡಿದ ಹೆಜ್ಜೆ ಕೇಳಿಸಿತು. ಬೈಕಿನಿಂದ ಇಬ್ಬರು ಇಳಿದರು. ಒಬ್ಬ ಹರೆಯದವನು, ಕಾರ್ಖಾನೆಯ ನೀಲಿ ಅಂಗಿ ಹಾಕಿದ್ದ. ಇನ್ನೊಬ್ಬ ವಯಸ್ಸಾದವನು, ಹಣೆಯ ತುಂಬ ವಿಭೂತಿ. ಹರೆಯದವನು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ನಕ್ಕ. ಚೆನ್ನಾಗಿಯೇ ನಕ್ಕ, ಸುಳ್ಳು ಹೇಳಬಾರದು.

"ನಾವು ವಡ್ಡು ಅನ್ನೋ ಊರ ಕಡೆಯಿಂದ ಬಂದೀವಿ ಪುಟ್ಟಿ. ಮನ್ಯಾಗ ಯಾರದಾರ?"

"ಪಾರತ್ತಿ."

"ಯಾರಾಕಿ?"

"ನಮ್ಮತ್ತಿ. ಸತ್ತಾಳ. ಆ ಹೊಲದಾಗ ಕುಂತಿರ್ತಾಳ, ಉಣ್ಣಾಕ ಮನಿಗೆ ಬರ್ತಾಳ."

ವಯಸ್ಸಾದವನು ಒಂದು ಹೆಜ್ಜೆ ಹಿಂದೆ ಸರಿದ.

"ನಡೀಲೇ ಹೋಗೂನು. ಈ ಮನಿ ಮಾತು ನಾ ಕೇಳೀನಿ. ಭಾಳ ಕೆಟ್ಟ ಜಾಗ ಇದು."

"ತಡಿ ಮಾವ. ಪುಟ್ಟಿ, ನಿಮ್ಮತ್ತಿ ಹೆಂಗದಾಳ ನೋಡಾಕ?"

ಕೇಳಿದ್ದಕ್ಕೆ ನಾನು ಸಂಭ್ರಮದಿಂದಲೇ ಹೇಳಿದೆ. ನಮ್ಮತ್ತೆಯ ವಿಷಯವನ್ನು ಅಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲ.

"ಹ್ವಾದ ಸಲ ಕೈ ಮುರಿದಿತ್ತು. ಈ ಸಲ ಕಿವಿ ಹರಿದೈತಿ."

ಅವನ ನಗೆ ಹಾಗೇ ಇತ್ತು. ಎದ್ದವನೇ ನನ್ನನ್ನು ದಾಟಿಕೊಂಡು ಚಪ್ಪಲಿ ಕಾಲಿನಲ್ಲೇ ಒಳಗೆ ಹೋದ. ನಡುಮನೆಯಲ್ಲಿ ನಿಂತು ಕರೆದ. ಕಿರುಚಲಿಲ್ಲ, ಉಂಡ ಮೇಲೆ ತಾಂಬೂಲ ಕೇಳುವವನಂತೆ ಕರೆದ.

"ಶಾಂತಾ."

ಭತ್ತದ ಕೋಣೆಯ ಒಳಗಿನಿಂದ "ಹಾಂ ರೀ" ಎಂಬ ಉತ್ತರ ಬಂತು. ರೂಢಿಯ ಉತ್ತರ ಅದು, ಬಾಯಿ ತಾನೇ ಹೇಳಿಬಿಟ್ಟಿತು. ಎಷ್ಟೋ ವರ್ಷ ಆ ಹೆಸರು ಕೇಳಿದೊಡನೆ ಓಗೊಡದಿದ್ದರೆ ಏನಾಗುತ್ತಿತ್ತೋ ಅವಳಿಗೇ ಗೊತ್ತು. ಅವನು ಎಳೆದ ಚೀಲಗಳು ಒಂದೊಂದಾಗಿ ಉರುಳತೊಡಗಿದವು. ನನಗೆ ಆಗ ಮೊದಲ ಸಲ ಹೆದರಿಕೆಯಾಯಿತು. ಸತ್ತವರ ಹೆದರಿಕೆ ನನಗೆ ಗೊತ್ತಿರಲಿಲ್ಲ. ಪಾರತ್ತಿಗೆ ಬೇರೆ ಹೆಸರಿದೆ, ಆ ಹೆಸರು ಈ ಮನುಷ್ಯನಿಗೆ ಗೊತ್ತಿದೆ ಎಂಬುದಕ್ಕೆ ಹೆದರಿದೆ.

ಅಷ್ಟರಲ್ಲಿ ಅಜ್ಜಿ ಬಂದಳು. ಹಿಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಮನೆ ಸುತ್ತಿ ಮುಂದಕ್ಕೆ ಬಂದಿದ್ದಳು. ಒಳಗೆ ಹೋಗುತ್ತಾಳೆ, ಜಗಳ ಮಾಡುತ್ತಾಳೆ ಎಂದುಕೊಂಡೆ. ಅವಳು ಬಾಗಿಲ ಪಕ್ಕದ ಗೂಡಿನಿಂದ ವಿಭೂತಿಯ ಉಂಡೆ ತೆಗೆದು ನೀರಲ್ಲಿ ಅದ್ದಿದಳು. ಹಣೆಗೆ, ತೋಳಿಗೆ, ಎದೆಗೆ ಬಳಿದುಕೊಂಡಳು. ದಿನಾ ಹಚ್ಚುವ ಹಾಗಲ್ಲ. ನಾನು ಸಾವಿನ ಮನೆಗಳಲ್ಲಿ ನೋಡಿದ್ದ ಹಾಗೆ, ದಪ್ಪಗೆ. ಆಮೇಲೆ ಹೊಸ್ತಿಲಿಗೆ ಅಡ್ಡವಾಗಿ ಕಾಲು ಮಡಿಸಿ ಕೂತು, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟಳು.

"ಗಂಗಾ, ಊರಾಗ ಓಡು. ನಮ್ಮಜ್ಜಿ ಸತ್ತಾಳ ಅಂತ ಹೇಳು. ಎಲ್ಲಾರಿಗೂ ಹೇಳು."

ಹೇಳಿ ಕಣ್ಣು ಮುಚ್ಚಿದಳು. ಕುತ್ತಿಗೆ ಒಂದು ಕಡೆ ವಾಲಿತು. ಬೈಕಿನ ಹತ್ತಿರ ನಿಂತಿದ್ದ ಹಿರಿಯ ಎರಡೂ ಕೈ ಮುಗಿದು ಅಳುವ ದನಿಯಲ್ಲಿ ಹೇಳಿದ:

"ಯಮ್ಮಾ, ಹಂಗ ಕುಂದರಬ್ಯಾಡ್ರಿ. ಬದುಕಿದ್ದೋರು ಹಂಗ ಕುಂದರಬಾರದ್ರಿ."

ಅಜ್ಜಿ ಉಸಿರಾಡುವುದೂ ಕಾಣಲಿಲ್ಲ. ನಾನು ಅವಳ ಕೈ ಮುಟ್ಟಿದೆ. ಎಮ್ಮೆ ತೊಳೆದ ನೀರಿನಿಂದ ಅದು ತಣ್ಣಗಿತ್ತು. ಸತ್ತಿದ್ದಾಳೆ ಎಂದು ತಿಳಿದೇ ಓಡಿದೆ. ಕಾಲುವೆಯ ಏರಿಯ ಮೇಲೆ ಓಡುತ್ತ ಕಂಡವರಿಗೆಲ್ಲ ಕೂಗಿ ಹೇಳಿದೆ, ಆದರೆ ಅಳು ಬರಲಿಲ್ಲ. ಸತ್ತರೇನು, ಮಧ್ಯಾಹ್ನ ಊಟಕ್ಕೆ ಬರುತ್ತಾಳಲ್ಲ. ಕಣ್ಣಲ್ಲಿ ಹನಿ ನೀರಿಲ್ಲದೆ ಸಾವಿನ ಸುದ್ದಿ ಸಾರುವ ಹುಡುಗಿಯನ್ನು ನೋಡಿ ಎರಡು ಮನೆಯವರು ಬಾಗಿಲು ಹಾಕಿಕೊಂಡದ್ದು ನೆನಪಿದೆ.

ನಾನು ಓಡಿದ ಮೇಲೆ ಮನೆಯಲ್ಲಿ ನಡೆದದ್ದನ್ನು ಶಾಂತಾ ಆಮೇಲೆ ನನಗೆ ಹೇಳಿದಳು. ಅವನು ಅವಳ ರಟ್ಟೆ ಹಿಡಿದು ಬಾಗಿಲವರೆಗೆ ತಂದ. ಅಡ್ಡ ಕೂತ ಅಜ್ಜಿಯನ್ನು ನೋಡಿ, ಸರೀರಿ ಎಂದ. ಎರಡು ಸಲ ಎಂದ. ಮೂರನೆಯ ಸಲ ಕಾಲೆತ್ತಿದಾಗ ಅವನ ಸೋದರಮಾವ ಅಂಗಳದಿಂದ, ದಾಟಬ್ಯಾಡಲೇ, ವಂಶ ಉಳಿಯಂಗಿಲ್ಲ ಎಂದು ಅರಚಿಕೊಂಡ. ಎತ್ತಿದ ಕಾಲನ್ನು ಅವನು ಕೆಳಗಿಟ್ಟ. ಹಿಂಬಾಗಿಲು ದೂಡಿ ನೋಡಿ ಬಂದ. ಮತ್ತೆ ಬಂದು ನಿಂತ. ಹೆಂಡತಿಗೆ ಹೊಡೆಯಲು ಅಂಜದವನು, ಕಣ್ಣು ಮುಚ್ಚಿ ಕೂತ ಮುದುಕಿಗೆ ಅಂಜಿದ. ಅಜ್ಜಿಯ ರೆಪ್ಪೆಯ ಮೇಲೆ ನೊಣ ಕೂತಿತ್ತಂತೆ, ಅವಳು ಅಲುಗಲಿಲ್ಲವಂತೆ. ಶಾಂತಾಳಿಗೂ ಅಜ್ಜಿ ನಿಜವಾಗಿ ಹೋಗಿಬಿಟ್ಟಳೆಂದೇ ಅನ್ನಿಸಿತಂತೆ.

ಯಾವನೋ ಹೆಂಡತಿಯನ್ನು ಹೊಡೆಯುತ್ತಿದ್ದಾನೆ ಎಂದು ನಾನು ಕೂಗಿದ್ದರೆ ಊರಿನಿಂದ ಯಾರೂ ಬರುತ್ತಿರಲಿಲ್ಲ. ಅದು ಅವರವರ ಮನೆಯ ಮಾತು. ಸಾವಿಗೆ ಮಾತ್ರ ಎಲ್ಲರೂ ಬರಲೇಬೇಕು, ವೈರಿಯೂ ಬರಬೇಕು. ಬಂದರು. ಗಂಡಸರು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಒಬ್ಬ ಸಲಿಕೆಯನ್ನೇ ಹಿಡಿದುಕೊಂಡು. ಹೆಂಗಸರು ಸೆರಗು ಬಾಯಿಗಿಟ್ಟು, ಏರಿಯ ಮೇಲಿಂದಲೇ ಹಾಡಿಕೊಂಡು ಅಳುತ್ತ. ಎಲ್ಲರಿಗಿಂತ ಮುಂದೆ ಗೌರವ್ವ, ಅಜ್ಜಿಯ ಓರಗೆಯವಳು. ಹತ್ತಿರ ಬಂದು, ನನ್ನ ಬಿಟ್ಟು ಹೋದ್ಯಲ್ಲೇ ಎಂದು ಅಜ್ಜಿಯ ಗಲ್ಲ ಹಿಡಿದಳು.

ಅಜ್ಜಿ ಕಣ್ಣು ಬಿಟ್ಟಳು.

ಗೌರವ್ವ ಕುಂಡಿ ಊರಿ ಬಿದ್ದಳು. ಸಲಿಕೆಯವನು ಸಲಿಕೆ ಒಗೆದು ಕಬ್ಬಿನೊಳಗೆ ಹೊಕ್ಕ. ಉಳಿದವರು ಓಡಲೂ ಆಗದೆ ನಿಲ್ಲಲೂ ಆಗದೆ ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡರು. ಅಜ್ಜಿ ಕೂತಲ್ಲಿಂದ ಏಳಲಿಲ್ಲ.

"ಒಳಗ ನಿಂತಾನ ನೋಡ್ರಿ. ಹೆಂಡ್ತಿನ್ನ ಕರ್ಕಂಡು ಹೋಗಾಕ ಬಂದಾನ. ಆಕಿ ಕಿವಿ ನೋಡ್ರಿ ಎಲ್ಲಾರೂ. ನಮ್ಮ ಪಾರವ್ವ ಬಂದಾಗ ನಿಮ್ಮನ್ನ ಕೇಳಿದ್ದೆ. ಕಳಿಸು ಅಂದ್ರಿ, ಕಳಿಸಿದೆ. ಈಗೂ ಕೇಳ್ತೀನಿ. ಕಳಿಸ್ಲೇನು?"

ಗಂಡಸರು ನೆಲ ನೋಡಿದರು. ಅವನಿಗೆ ಧೈರ್ಯ ಬಂತು, ಇದು ನಮ್ಮ ಮನಿ ಮಾತು ಎಂದು ಶುರುಮಾಡಿದ. ಆಗ ಅವನ ಕೈಯಲ್ಲಿದ್ದ ಶಾಂತಾ, ಅವನನ್ನು ನೋಡದೆ, ಊರಿನವರನ್ನು ನೋಡುತ್ತ ಹೇಳಿದಳು:

"ನಾ ಹೋಗಲ್ರೀ."

ಗೌರವ್ವ ನೆಲದಿಂದ ಎದ್ದಳು. ಮೈಗೆ ಹತ್ತಿದ ಮಣ್ಣು ಕೂಡ ಕೊಡವಲಿಲ್ಲ. ಅಜ್ಜಿಯ ಮಗ್ಗುಲಿಗೆ ಬಾಗಿ, ಒಳಗೆ ಕೈ ಚಾಚಿ, ಶಾಂತಾಳ ರಟ್ಟೆಯ ಮೇಲಿದ್ದ ಅವನ ಬೆರಳುಗಳನ್ನು ಬಿಡಿಸತೊಡಗಿದಳು.

"ಬಿಡಪ್ಪ. ಆಕಿ ಬರಲ್ಲ ಅಂತಾಳ ಕೇಳಸಲಿಲ್ಲೇನು? ಬಿಡು."

ಇಷ್ಟು ಜನ ನೋಡುತ್ತಿದ್ದರಲ್ಲ, ಬಿಟ್ಟ. ಅಜ್ಜಿ ಕಾಲು ಮುದುಡಿ ದಾರಿ ಕೊಟ್ಟಳು. ಅವನು ತಲೆ ತಗ್ಗಿಸಿ ಹೊರಗೆ ಬರುವಷ್ಟರಲ್ಲಿ ಅವನ ಮಾವ ಬೈಕು ಚಾಲೂ ಮಾಡಿದ್ದ.

ಗಂಡಸರು ಗೊಣಗುತ್ತ ಹೋದರು. ಹೆಂಗಸರು ಹೋಗಲಿಲ್ಲ. ಒಬ್ಬಳು ಮೆಲ್ಲಗೆ ಕೇಳಿದಳು, ಸಾವಿನ ಮನೆಗೆ ಬಂದ ಮೇಲೆ ಜಳಕ ಮಾಡದೆ ಮನೆಯೊಳಗೆ ಹೋಗುವ ಹಾಗಿಲ್ಲ, ಈಗ ಮಾಡಬೇಕೋ ಬ್ಯಾಡೋ? ಕೆಲವರಿಗೆ ನಗು ಬಂತು. ಅಜ್ಜಿಯೂ ನಕ್ಕಳು, ಮುಖದ ವಿಭೂತಿ ಬಿರಿಯಿತು. ನಗುತ್ತಲೇ ಒಳಗೆ ತಿರುಗಿ ಕರೆದಳು:

"ಪಾರವ್ವಾ, ಎಲ್ಲಾರಿಗೂ ನೀರು ಕೊಡು. ನೀನೂ ಒಂದ ತುತ್ತು ಉಣ್ಣು ಬಾ."

ಶಾಂತಾ ಬಂದು ಅಜ್ಜಿಯ ಮುಂದೆ ಕೂತಳು.

"ಅವ್ವಾ, ನನ್ನ ಹೆಸರು ಶಾಂತಾ ರೀ."

ಅಜ್ಜಿ ಅವಳನ್ನು ನೋಡಿದಳು. ಹರಿದ ಕಿವಿ, ಹಸಿರು ಸೀರೆ, ಮುಖ. ಹೌದಲ್ಲ ಎಂದಳು. ಶಾಂತಾ, ಎಂದಳು. ಹೇಳಿದ ಮೇಲೆ ಅವಳ ಬಾಯಿ ಒಂದು ಥರ ಸೊಟ್ಟಗಾಯಿತು, ಗಂಟಲಿನಿಂದ ನಾನು ಹಿಂದೆಂದೂ ಕೇಳಿರದ ಒಂದು ದನಿ ಹೊರಟಿತು. ಪಾರತ್ತಿ ಬಂದಿಲ್ಲ, ಯಾವತ್ತೂ ಬಂದಿರಲಿಲ್ಲ ಎಂದು ನನಗೆ ಆ ದನಿಯಿಂದ ತಿಳಿಯಿತು. ನಾನೂ ಅಳತೊಡಗಿದೆ. ಗೌರವ್ವ ಅಜ್ಜಿಯ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು, ಏರಿಯ ಮೇಲೆ ಬರುವಾಗ ಹಾಡಿಕೊಂಡು ಅಳುತ್ತಿದ್ದ ಅಳುವನ್ನೇ ಮತ್ತೆ ಮೊದಲಿನಿಂದ ಶುರುಮಾಡಿದಳು, ಈ ಸಲ ಪಾರವ್ವನ ಹೆಸರು ಹಿಡಿದು. ಒಬ್ಬೊಬ್ಬರಾಗಿ ಎಲ್ಲರೂ ದನಿಗೂಡಿಸಿದರು.

ಅವತ್ತು ಊರಿನ ಹೆಂಗಸರೆಲ್ಲ ತಲೆಯ ಮೇಲೆ ನೀರು ಹಾಕಿಕೊಂಡೇ ತಮ್ಮ ತಮ್ಮ ಮನೆಯೊಳಗೆ ಹೋದರು.